ಆರು ಹತ್ತರ ಬಸ್ಸು

೧೦ ಮಾರ್ಚ್
ಮೊದಲನೇ ಬಸ್ಸು ಇಳಿದ ನಿಲ್ದಾಣ

ಅಣ್ಣನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಅರವತ್ತೆರಡನೇ ವಯಸ್ಸಿಗೆ ಮೊದಲ ಸಲ ಒಲೆ ಹಚ್ಚಿದವನು ಹೇಗಿರುತ್ತಾನೆಂದು ಊಹಿಸಬಲ್ಲೆ. ಹಾಲು ಉಕ್ಕಿದ್ದರೆ ಆಗಲೇ ಒರೆಸಿಬಿಡು, ತಂಗಿ ಬಂದು ನೋಡಿಕೊಳ್ಳಲಿ ಎಂದು ಬಿಡಬೇಡ.

ಬಸ್ಸು ನಿನ್ನ ಚೀಟಿಯಲ್ಲಿದ್ದ ನಿಮಿಷಕ್ಕೆ ಹೊರಟು, ನಿನ್ನ ಚೀಟಿಯಲ್ಲಿದ್ದ ನಿಮಿಷಕ್ಕೇ ಬಂದು ನಿಂತಿತು. ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಪಕ್ಕದ ಸೀಟಿನ ಹೆಂಗಸಿಗೆ ಚೀಟಿ ತೋರಿಸಿ, "ಇದನ್ನ ಬರ್ದಿದ್ದು ನಮ್ಮಣ್ಣ. ಮೂವತ್ತೊಂದು ವರ್ಷ ಡಿಪೋದಲ್ಲಿ ಕೂತು ಬಸ್ಸುಗಳ ವೇಳಾಪಟ್ಟಿ ಮಾಡ್ತಿದ್ದ" ಎಂದೆ. ಆಕೆ, "ನಾಲ್ಕು ದಿನದ ದಾರಿ ಅಂತೀರಿ, ರೂಮು ಎಲ್ಲಿ ಮಾಡ್ತೀರಿ?" ಎಂದಳು. "ಎಲ್ಲೂ ಇಲ್ಲ. ರಾತ್ರಿ ಬಸ್ಸು ಹಿಡಿದ್ರೆ ದಾರಿಯೂ ಸಾಗುತ್ತೆ, ರೂಮಿನ ಬಾಡಿಗೆಯೂ ಉಳಿಯುತ್ತೆ. ನಿಲ್ದಾಣದಲ್ಲಿ ಮುಖ ತೊಳ್ಕೊಂಡ್ರೆ ಆಯ್ತು" ಎಂದು ನಿನ್ನ ಧಾಟಿಯಲ್ಲೇ ಹೇಳಿದೆ. ಆಕೆ ಪಾಪ, ತನ್ನ ಬಿಸ್ಕತ್ತಿನ ಪೊಟ್ಟಣವನ್ನೇ ನನ್ನ ಕೈಗಿಟ್ಟಳು.

ನೀನು ಹೇಳಿದಂತೆ ಡ್ರೈವರ್ ಹಿಂದಿನ ಸೀಟು ಹಿಡಿದಿದ್ದೆ. ಇಂಜಿನ್ ಬಿಸಿಗೆ ಕಾಲು ಬೆಚ್ಚಗಿತ್ತು. ಬ್ರೆಡ್ಡನ್ನು ನಿಲ್ದಾಣದೊಳಗೆ ಕೊಳ್ಳದೆ ಹಿಂದಿನ ಬೀದಿಯಲ್ಲಿ ಕೊಂಡೆ, ಅರ್ಧಕ್ಕರ್ಧ ಅಗ್ಗ. ನೀರಿನ ಬಾಟಲಿ ತುಂಬಿಕೊಂಡೆ. ಕೋಟಿನ ಒಳಪದರದಲ್ಲಿ ನೀನು ಹೊಲಿಸಿದ ಆಪತ್ತಿನ ದುಡ್ಡು ಹಾಗೇ ಇದೆ, ಅದನ್ನು ಮುಟ್ಟುವ ಪ್ರಮೇಯವೇ ಬರುವುದಿಲ್ಲ ಬಿಡು.

ಹದಿನೆಂಟರ ಬೆಳಿಗ್ಗೆ ಹತ್ತು ಗಂಟೆಗೆ ಪಟ್ಟಣದಲ್ಲಿ ಪರೀಕ್ಷೆ, ಅಣ್ಣ. ಎದ್ದರೂ ಅದೇ, ಕೂತರೂ ಅದೇ. ಮ್ಯೂಸಿಯಮ್ಮಿನವರಿಗೆ ರಫು ಕೆಲಸದವರು ಬೇಕಾಗಿರುವುದು ಒಬ್ಬರೇ. ಐವತ್ತು ತುಂಬಿದವರನ್ನು ತೆಗೆದುಕೊಳ್ಳುವುದಿಲ್ಲ. ನನಗೆ ಮುಂದಿನ ತಿಂಗಳು ತುಂಬುತ್ತದೆ. ಇಪ್ಪತ್ತಾರು ವರ್ಷ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು ಜನರ ಹರಿದ ಬಟ್ಟೆಗೆ ನೂಲಿಗೆ ನೂಲು ಸೇರಿಸಿದೆ. ಹರಿದದ್ದೇ ಗೊತ್ತಾಗುತ್ತಿಲ್ಲ ಎಂದು ಜನ ಹೊಗಳಿದ್ದು ಗಲ್ಲಾದ ಮೇಲಿದ್ದ ಮಾಲೀಕನನ್ನು. ಲಾಂಡ್ರಿ ಮುಚ್ಚಿ ಏಳು ತಿಂಗಳಾಯಿತು. ಈ ಒಂದು ಸಲ ನನ್ನ ಕೈ ನೋಡಿ ನನ್ನನ್ನೇ ಹೊಗಳಲಿ ಎಂದು ಆಸೆ. ಆಸೆಯೇನು, ಹಟ.

ನಿನ್ನ ತಂಗಿ

---

೧೦ ಮಾರ್ಚ್
ಮನೆ
(ಮೂರನೇ ಊರಿನ ಅಂಚೆ ಕಚೇರಿಯಲ್ಲಿ ಕಾದಿರಿಸುವುದು)

ಪುಟ್ಟೀ,

ಈ ಕಾಗದ ನಿನ್ನ ಕೈಗೆ ಸಿಗುವಾಗ ಹನ್ನೆರಡನೇ ತಾರೀಕು ಮಧ್ಯಾಹ್ನ ಎರಡು ಗಂಟೆ ಆಗಿರಬೇಕು. ಅಂಚೆ ಕಚೇರಿ ನಿಲ್ದಾಣದ ಎದುರಿಗೇ ಇದೆ, ದಾರಿ ತಪ್ಪುವ ಮಾತೇ ಇಲ್ಲ. ನೀನು ಹೊರಡುವಾಗ ಹೆದರಿದಂತೆ ಹಾಲು ಉಕ್ಕಿಲ್ಲ. ಸ್ವಲ್ಪ ತಳ ಹಿಡಿದಿದೆ, ಅಷ್ಟೆ.

ಈಗ ಗಮನವಿಟ್ಟು ಓದು. ಸಂಜೆ ಆರು ಹತ್ತರ ಬಸ್ಸು, ಏಳನೇ ಪ್ಲಾಟ್‌ಫಾರ್ಮು. ಬೆಟ್ಟದ ಮೇಲಿಂದಲೇ ನೇರವಾಗಿ ಪಟ್ಟಣಕ್ಕೆ ಹೋಗುವ ಬಸ್ಸು ಅದೊಂದೇ. ನೀನು ಹದಿಮೂರರ ಬೆಳಿಗ್ಗೆ ಪಟ್ಟಣದಲ್ಲಿರುತ್ತೀಯ. ಆ ಬಸ್ಸಿನ ಕಥೆ ನಿನಗೆ ನೂರು ಸಲ ಹೇಳಿದ್ದೇನೆ, ನೂರಾ ಒಂದನೇ ಸಲ ಕೇಳು. ಮೂರು ವರ್ಷ ಮೇಲಿನವರ ಬಾಗಿಲು ತಟ್ಟಿದೆ. "ಆ ರಸ್ತೆಗೆ ಯಾರ್ರೀ ಹೋಗ್ತಾರೆ?" ಎಂದು ಮೂಗು ಮುರಿದರು. ಬಿಡಲಿಲ್ಲ, ಹಾಕಿಸಿದೆ. ಮದುವೆ ಮಾಡಿಕೊಳ್ಳಲಿಲ್ಲ, ಮಕ್ಕಳಿಲ್ಲ, ಆದರೆ ಆರು ಹತ್ತು ನನ್ನದು. ಮೊದಲ ತಿರುವು ಕಳೆದ ಮೇಲೆ ಎಡಗಡೆ ಕಿಟಕಿಯಿಂದ ನೋಡು, ಕಣಿವೆ ಪೂರ್ತಿ ಕಾಣುತ್ತದೆ. ನೋಡಿ ಹೇಗಿತ್ತು ಎಂದು ಬರಿ.

ಯಾರಾದರೂ ರೂಮು ಬೇಕೇ ಎಂದು ಬೆನ್ನು ಹತ್ತಿದರೆ ಕಿವಿ ಕೇಳಿಸದವಳಂತೆ ಹೋಗುತ್ತಿರು.

ಅಣ್ಣ

---

೧೨ ಮಾರ್ಚ್
ಮೂರನೇ ಊರು

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಸಿಕ್ಕಿತು. ಅಂಚೆ ಕಚೇರಿ ನೀನು ಹೇಳಿದ ಕಡೆಯೇ ಇದೆ.

ನಾನು ಇಲ್ಲಿ ಎರಡು ಮೂರು ದಿನ ಇದ್ದು ಹೋಗೋಣವೆಂದಿದ್ದೇನೆ. ಊರು ಬಹಳ ಚೆನ್ನಾಗಿದೆ, ಗಾಳಿ ತಂಪಾಗಿದೆ. ಈ ಕಾಗದ ನೋಡಿದೆಯಾ, ಎಷ್ಟು ದಪ್ಪ, ಮೇಲೆ ಚಿನ್ನದ ಅಕ್ಷರ! ಹೋಟೆಲಿನದು. ಮೂರು ಅಂತಸ್ತು, ಮೆಟ್ಟಿಲಿಗೆಲ್ಲ ಕೆಂಪು ಹಾಸು. ಮಂಚದ ಮೇಲಿನ ಹೊದಿಕೆ ಎಷ್ಟು ಬೆಳ್ಳಗಿದೆಯೆಂದರೆ ಕೂರುವುದಕ್ಕೇ ಸಂಕೋಚ. ಊಟವೂ ಚೆನ್ನಾಗಿದೆ.

ಹದಿನೆಂಟಕ್ಕೆ ಇನ್ನೂ ಸಮಯವಿದೆಯಲ್ಲ. ನೀನೇನೂ ಯೋಚನೆ ಮಾಡಬೇಡ. ಆರು ಹತ್ತರ ಬಗ್ಗೆ ಇಲ್ಲಿಯ ಜನ ಈಗಲೂ ಮಾತಾಡುತ್ತಾರೆ. ಕಾಗದ ಬರೆಯುವುದಾದರೆ ಹೋಟೆಲಿನ ವಿಳಾಸಕ್ಕೇ ಬರಿ.

ನಿನ್ನ ತಂಗಿ

---

೧೪ ಮಾರ್ಚ್
ಮನೆ

ಪುಟ್ಟೀ,

ನಿನ್ನ ಚಿನ್ನದ ಕಾಗದ ಬಂತು. ಮೂರು ಸಲ ಓದಿದೆ, ಮೂರು ಸಲವೂ ಮೈ ಉರಿಯಿತು.

ಮೂರು ಅಂತಸ್ತು! ಕೆಂಪು ಹಾಸು! ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ದುಡ್ಡು ಕಣೇ ಅದು. ಕೋಟಿನ ಒಳಪದರ ಬಿಚ್ಚಿದೆ ತಾನೇ? ಆಪತ್ತಿಗೆ ಇಟ್ಟದ್ದನ್ನು ತಂಪು ಗಾಳಿಗೆ ಖರ್ಚು ಮಾಡುವವಳು ನೀನೇನಾ? ನಾನು ಇಲ್ಲಿ ತಳ ಹಿಡಿದ ಹಾಲು ಕುಡಿದುಕೊಂಡು ನಿಮಿಷ ನಿಮಿಷ ಲೆಕ್ಕ ಹಾಕುತ್ತಿದ್ದೇನೆ. ನೀನು ಬಿಳಿ ಹೊದಿಕೆಯ ಮೇಲೆ ಕೂರುವುದೋ ಬೇಡವೋ ಎಂದು ಸಂಕೋಚ ಪಡುತ್ತಿದ್ದೀಯ.

ಇರಲಿ, ದುಡ್ಡು ಹೋದರೆ ಹೋಯಿತು. ನಿಜ ಹೇಳು, ನಿನಗೆ ಹೆದರಿಕೆಯಾಗಿದೆ. ಪಟ್ಟಣದವರು, ಓದಿದವರು, ಸರ್ಟಿಫಿಕೇಟು ಇದ್ದವರು ಬಂದಿರುತ್ತಾರೆ ಎಂದು ಹಿಂಜರಿಯುತ್ತಿದ್ದೀಯ. ದಿನ ತಳ್ಳಿ, ಹದಿನೆಂಟು ದಾಟಿಸಿ, ಬಸ್ಸು ತಪ್ಪಿತು ಎಂದು ವಾಪಸು ಬರುವ ಯೋಚನೆ ನಿನ್ನದು. ಹಾಗೆ ಮಾಡುವುದಾದರೆ ಈ ಮನೆಯ ಬಾಗಿಲಿಗೆ ಬಂದು ಅಣ್ಣಾ ಎಂದು ಕರೆಯಬೇಡ. ಹೇಡಿಗಳು ಈ ಮನೆಯಲ್ಲಿ ಹುಟ್ಟಿಲ್ಲ.

ಅಣ್ಣ

---

೧೫ ಮಾರ್ಚ್, ಬೆಳಿಗ್ಗೆ
ಡಿಪೋದ ಬೆಂಚು

ಪುಟ್ಟೀ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ನಮ್ಮ ಡ್ರೈವರ್ ಒಬ್ಬನ ಕೈಗೆ ಕೊಡುತ್ತಿದ್ದೇನೆ. ಅವನು ಮುಂದಿನ ನಿಲ್ದಾಣದಲ್ಲಿ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ. ಹಿಂದೆಲ್ಲ ಬಿಡಿಭಾಗದ ಚೀಟಿಗಳನ್ನು ಹೀಗೇ ಕಳಿಸುತ್ತಿದ್ದೆವು, ಅಂಚೆಗಿಂತ ಒಂದು ದಿನ ಮುಂಚೆ ಮುಟ್ಟುತ್ತಿತ್ತು. ಇದೂ ಮುಟ್ಟಲಿ.

ಇವತ್ತು ಬೆಳಿಗ್ಗೆ ಡಿಪೋಗೆ ಹೋದೆ. ಆರು ಹತ್ತರಲ್ಲಿ ನಿನಗೊಂದು ಸೀಟು ಹಿಡಿಸಿ, ನಿನ್ನನ್ನು ಕೈಹಿಡಿದು ಹತ್ತಿಸಲು ಹೇಳೋಣವೆಂದು. ನನ್ನ ಕುರ್ಚಿಯಲ್ಲಿ ಈಗ ಒಬ್ಬಳು ಹುಡುಗಿ ಕೂರುತ್ತಾಳೆ. ಪುಸ್ತಕ ತಿರುಗಿಸಿ ನೋಡಿ, "ಸಾರ್, ಆರು ಹತ್ತು ನಿಂತು ನಾಲ್ಕು ವರ್ಷ ಆಯ್ತಲ್ಲ. ನಿಮಗೆ ಯಾರೂ ಹೇಳ್ಲಿಲ್ವಾ?" ಎಂದಳು.

ಯಾರೂ ಹೇಳಲಿಲ್ಲ. ಯಾರು ಹೇಳುತ್ತಾರೆ? ನಿವೃತ್ತನಾದ ಮೇಲೆ ಹೊಸ ವೇಳಾಪಟ್ಟಿಯ ಪುಸ್ತಕವನ್ನು ನಾನು ಕೈಯಲ್ಲೂ ಮುಟ್ಟಲಿಲ್ಲ. ನನಗಿಂತ ಅದಕ್ಕೆ ಜಾಸ್ತಿ ಗೊತ್ತೇ ಎಂಬ ಸೊಕ್ಕು. ನಿನ್ನ ಚೀಟಿಯನ್ನು ನೆನಪಿನಿಂದ ಬರೆದೆ. ನಿನ್ನ ಜೀವನದ ಒಂದೇ ಒಂದು ಪರೀಕ್ಷೆಗೆ, ಇಲ್ಲದ ಬಸ್ಸಿಗೆ ಕಳಿಸಿದೆ. ನೀನು ಆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕಾದಿರಬೇಕು. ಅದರ ಮೇಲೆ ನಿನ್ನನ್ನೇ ಹೇಡಿ ಎಂದೆ. ಆ ಕಾಗದ ಬಂದರೆ ಓದದೆ ಹರಿದುಹಾಕು.

ಹೇಡಿ ಯಾರೆಂದು ಹೇಳುತ್ತೇನೆ ಕೇಳು. ನಾನು ಆ ಕಣಿವೆ ನೋಡಿಲ್ಲ. ಆ ರಸ್ತೆಯನ್ನೇ ನೋಡಿಲ್ಲ. ಬಸ್ಸು ಹತ್ತಿದರೆ ಊರಿನ ಗಡಿ ದಾಟುವ ಮುಂಚೆ ತಲೆ ಸುತ್ತಿ, ಬೆವರಿ, ಪ್ರಾಣ ಹೋದಂತಾಗುತ್ತದೆ. ಮೂವತ್ತೊಂದು ವರ್ಷ ಬಸ್ಸುಗಳನ್ನು ಊರೂರಿಗೆ ಓಡಿಸಿದವನು ಕೊನೇ ಸ್ಟಾಪಿನಾಚೆ ಒಂದು ಸಲವೂ ಹೋಗಿಲ್ಲ. ರೂಟು ಪರಿಶೀಲನೆಗೆ ಎಂದು ನಿನಗೆ ಹೇಳಿ ಹೊರಡುತ್ತಿದ್ದೆನಲ್ಲ, ಆ ಎರಡೆರಡು ದಿನ ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಮಲಗಿರುತ್ತಿದ್ದೆ. ಡ್ರೈವರ್‌ಗಳ ಬಾಯಿಂದ ಕೇಳಿದ್ದನ್ನೇ ನಿನಗೆ ಹೇಳುತ್ತಿದ್ದೆ.

ಹುಡುಗಿ ಹೊಸ ಪುಸ್ತಕದಲ್ಲಿ ಹುಡುಕಿಕೊಟ್ಟಳು. ಬೆಟ್ಟ ಹತ್ತುವ ಬಸ್ಸು ಈಗ ವಾರಕ್ಕೊಂದೇ, ಅದೂ ಬೆಳಿಗ್ಗೆ. ಹನ್ನೆರಡರದು ನೀನು ತಲುಪುವ ಮುಂಚೆಯೇ ಹೋಗಿರುತ್ತದೆ, ಮುಂದಿನದು ಹತ್ತೊಂಬತ್ತಕ್ಕೆ. ಅದು ಪ್ರಯೋಜನವಿಲ್ಲ. ಒಳಪದರ ಬಿಚ್ಚು, ಬಾಡಿಗೆ ಕಾರು ಮಾಡಿಕೊಂಡು ಹೋಗು. ಎಷ್ಟು ಕೇಳಿದರೂ ಕೊಡು. ಹೋಗು ಪುಟ್ಟಿ.

ಅಣ್ಣ

---

೧೬ ಮಾರ್ಚ್, ಸಂಜೆ
ಪಟ್ಟಣ!

ಅಣ್ಣನಿಗೆ ಸಾವಿರ ನಮಸ್ಕಾರ.

ಮೇಲೆ ಬರೆದಿರುವುದನ್ನು ಇನ್ನೊಂದು ಸಲ ಓದಿಕೋ. ಪಟ್ಟಣಕ್ಕೆ ಬಂದಿದ್ದೇನೆ. ಒಳಪದರದ ಒಂದು ಹೊಲಿಗೆಯೂ ಬಿಚ್ಚಿಲ್ಲ. ರೂಮಿಗೆ ಒಂದು ಕಾಸೂ ಕೊಟ್ಟಿಲ್ಲ. ಈಗ ಮೊದಲಿಂದ ಹೇಳುತ್ತೇನೆ, ಕೂತುಕೋ.

ಏಳನೇ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಛತ್ರಿ ರಿಪೇರಿ ಮಾಡುತ್ತಾ ಕೂತಿದ್ದ. ಆರು ಹತ್ತರ ಬಸ್ಸು ಎಂದೆ. "ಯಾವ ಕಾಲದ ಮಾತಮ್ಮಾ!" ಎಂದು ನಕ್ಕ. ಒಳ್ಳೇ ಬಸ್ಸು, ಅದು ನಿಂತ ಮೇಲೆ ಊರಿಗೇ ಕಳೆ ಹೋಯಿತು ಎಂದೂ ಹೇಳಿದ. ಅದಕ್ಕೇ ಜನ ಈಗಲೂ ಮಾತಾಡುತ್ತಾರೆ ಎಂದು ಬರೆದೆ. ಸುಳ್ಳಲ್ಲ. ಬೆಂಚಿನ ಮೇಲೆ ಕೂತು ಚೆನ್ನಾಗಿ ಅತ್ತೆ, ಅದನ್ನೂ ಮುಚ್ಚಿಡುವುದಿಲ್ಲ. ಬಾಡಿಗೆ ಕಾರಿನವರು ಹೇಳಿದ ದರಕ್ಕೆ ನನ್ನ ಕೋಟು, ಒಳಪದರ, ಗುಂಡಿ ಎಲ್ಲ ಸೇರಿಸಿ ಮಾರಿದರೂ ಸಾಲುತ್ತಿರಲಿಲ್ಲ.

ಅತ್ತು ಮುಗಿಸಿ ಹಿಂದಿನ ಬೀದಿಗೆ ಬ್ರೆಡ್ಡು ಕೊಳ್ಳಲು ಹೋದೆ. ಅಲ್ಲಿ ದೊಡ್ಡ ಹೋಟೆಲಿನ ಹಿತ್ತಲು. ಹಗ್ಗದ ಮೇಲೆ ಮೇಜಿನ ಬಟ್ಟೆಗಳು ಒಣಗುತ್ತಿದ್ದವು, ಒಳ್ಳೇ ಲಿನನ್ನು. ಸಿಗರೇಟು ಸುಟ್ಟ ತೂತುಗಳಿಗೆ ಯಾರೋ ತೇಪೆ ಹಾಕಿದ್ದರು. ಮುರಿದ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ! ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇದನ್ನ ಹೊಲಿದ ಪುಣ್ಯಾತ್ಮ ಯಾರು?" ಎಂದೆ. ಬಟ್ಟೆಬರೆಯ ಉಸ್ತುವಾರಿ ನೋಡುವ ಮೇಡಮ್ಮು ಅಲ್ಲೇ ನಿಂತಿದ್ದರು. "ನಾನೇ. ಯಾಕೆ, ನಿಮಗೆ ಇದಕ್ಕಿಂತ ಚೆನ್ನಾಗಿ ಬರುತ್ತಾ?" ಎಂದರು. ಸೂಜಿ ತೆಗೆದೆ. ಅರ್ಧ ಗಂಟೆ ಬಿಟ್ಟು ಬಟ್ಟೆ ಕೈಗೆ ಕೊಟ್ಟೆ. ತೂತು ಎಲ್ಲಿತ್ತೆಂದು ಹುಡುಕಿ ಹುಡುಕಿ, ಕೊನೆಗೆ ಬಟ್ಟೆ ಬದಲಾಯಿಸಿದ್ದೇನೆಂದು ನನ್ನ ಚೀಲ ನೋಡಿದರು! ಆಮೇಲೆ ಕುರ್ಚಿ ಎಳೆದು ಕೂರಿಸಿದರು.

ದಿನಕ್ಕೆ ಆರು ಬಟ್ಟೆ ರಫು, ಬದಲಿಗೆ ಮಂಚ, ಊಟ, ಬೇಕಾದಷ್ಟು ಕಾಗದ. ಹದಿನಾರರ ಬೆಳಿಗ್ಗೆ ಹೋಟೆಲಿನ ಕೊಳೆಬಟ್ಟೆಯ ಲಾರಿ ಬೆಟ್ಟದ ಮೇಲಿಂದ ಪಟ್ಟಣದ ದೊಡ್ಡ ಲಾಂಡ್ರಿಗೆ ಹೋಗುತ್ತದೆ, ಅದರಲ್ಲಿ ನನಗೊಂದು ಸೀಟು. ಈಗ ಆ ಲಾಂಡ್ರಿಯ ಹೆಣ್ಣುಮಕ್ಕಳ ಕೋಣೆಯಲ್ಲಿದ್ದೇನೆ. ಸೋಪಿನ ವಾಸನೆಗೆ ತವರುಮನೆಗೆ ಬಂದಂತಾಗಿದೆ.

ಇಷ್ಟೆಲ್ಲ ನಿನಗೇಕೆ ಹೇಳಲಿಲ್ಲ? ನಿನ್ನ ಮಗು ಹೋಗಿ ನಾಲ್ಕು ವರ್ಷವಾಯಿತು ಎಂದು ಕಾಗದದಲ್ಲಿ ಹೇಗೆ ಬರೆಯಲಿ ಅಣ್ಣ?

ನಿನ್ನ ಸಿಟ್ಟಿನ ಕಾಗದ ಸಿಗಲಿಲ್ಲ. ಅದು ಇನ್ನೂ ಅಂಚೆಯಲ್ಲೇ ಕುದಿಯುತ್ತಿರಬೇಕು. ಆದರೆ ಇವತ್ತು ಬೆಳಿಗ್ಗೆ ಲಾರಿ ಹತ್ತುವಾಗ ಒಬ್ಬ ಡ್ರೈವರ್ ಬೀದಿಯುದ್ದಕ್ಕೂ, "ಗಡಿಯಾರಣ್ಣನ ತಂಗಿ ಯಾರ್ರೀ? ಗಡಿಯಾರಣ್ಣನ ತಂಗಿ!" ಎಂದು ಕೂಗುತ್ತಾ ಓಡಿಬಂದ. ನಿನ್ನನ್ನು ಹಾಗೆ ಕರೆಯುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. "ಅವ್ರ ಚೀಟಿ ಅಂದ್ರೆ ಕೈಯಲ್ಲಿ ಇಟ್ಕೊಂಡು ಕೂರೋಕಾಗುತ್ತಾ?" ಎಂದ. ನಿನ್ನ ಬಸ್ಸು ನಿಂತಿದೆ, ನಿನ್ನ ಜನ ನಿಂತಿಲ್ಲ.

ಇನ್ನು ವಿಶ್ರಾಂತಿ ಕೋಣೆಯ ವಿಷಯ. ಅದು ನನಗೆ ಮೊದಲಿಂದಲೂ ಗೊತ್ತು. ಎರಡು ದಿನ ರೂಟು ಸುತ್ತಿ ಬಂದವನ ಅಂಗಿಯ ಕಾಲರಿನಲ್ಲಿ ಒಂದು ಚಿಟಿಕೆ ಧೂಳಿಲ್ಲ! ಲಾಂಡ್ರಿಯವಳ ಮುಂದೆ ಬಟ್ಟೆ ಸುಳ್ಳು ಹೇಳುತ್ತದೆಯೇ? ನೀನಾಗೇ ಹೇಳುವವರೆಗೆ ಕೇಳಬಾರದೆಂದು ಸುಮ್ಮನಿದ್ದೆ.

ಆ ಕಣಿವೆಯನ್ನು ಲಾರಿಯಿಂದ ನೋಡಿದೆ. ಎಡಗಡೆಯೇ. ನೀನು ಹೇಳಿದ್ದಕ್ಕಿಂತ ಚೆನ್ನಾಗಿತ್ತು.

ನಾಡಿದ್ದು ಹತ್ತು ಗಂಟೆಗೆ ನನ್ನನ್ನು ನೆನೆಸಿಕೋ.

ನಿನ್ನ ತಂಗಿ

---

೧೮ ಮಾರ್ಚ್
ಪಟ್ಟಣ

ಅಣ್ಣಾ,

ಗೆದ್ದೆ! ಗೆದ್ದೆ ಕಣೋ ಅಣ್ಣ!

ಮೊಣಕಾಲ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಾವು ಹನ್ನೊಂದು ಜನ ಇದ್ದೆವು. ನನ್ನನ್ನು ಬಿಟ್ಟು ಎಲ್ಲರ ಕೈಯಲ್ಲೂ ಸರ್ಟಿಫಿಕೇಟಿನ ಫೈಲು. ಒಬ್ಬಳು ನನ್ನ ಚೀಲ ನೋಡಿ, "ಕಸ ಗುಡಿಸೋರಿಗೆ ಆ ಕಡೆ ಬಾಗಿಲು" ಎಂದಳು. ನಕ್ಕುಬಿಟ್ಟೆ, ಬೇರೇನು ಮಾಡಲಿ?

ಪ್ರತಿಯೊಬ್ಬರಿಗೂ ಒಂದೊಂದು ಹಳೇ ಉಣ್ಣೆಯ ಶಾಲು ಕೊಟ್ಟರು. ಒಂದೊಂದರಲ್ಲೂ ನುಸಿ ತಿಂದ ಏಳು ತೂತು. ಮೂರು ಗಂಟೆ ಸಮಯ. ಮೇಜಿನ ಮೇಲೆ ಬಣ್ಣಬಣ್ಣದ ಹೊಸ ನೂಲು ಇಟ್ಟಿದ್ದರು, ಎಲ್ಲರೂ ಅದಕ್ಕೆ ಕೈ ಹಾಕಿದರು. ನಾನು ಮುಟ್ಟಲಿಲ್ಲ. ಶಾಲಿನ ಅಂಚಿನ ಮಡಿಕೆಯೊಳಗಿಂದ ಅದರದ್ದೇ ನೂಲು ಒಂದೊಂದೇ ಎಳೆ ತೆಗೆದೆ. ಬಟ್ಟೆಗೆ ವಯಸ್ಸಾದ ಹಾಗೆ ಅದರ ನೂಲಿಗೂ ವಯಸ್ಸಾಗಿರುತ್ತದಲ್ಲ. ಹೊಸ ನೂಲು ಎಷ್ಟು ಬಣ್ಣ ಹೊಂದಿದರೂ ಪರರದ್ದೇ.

ಸಮಯ ಮುಗಿಯಿತು. ಐದು ಜನ ಪರೀಕ್ಷಕರು ಭೂತಗನ್ನಡಿ ಹಿಡಿದು ಬಂದರು. ತೂತು ಎಲ್ಲೆಲ್ಲಿತ್ತೆಂದು ನಕ್ಷೆ ಇದೆ ಅವರ ಹತ್ತಿರ. ನನ್ನ ಶಾಲು ಹರಡಿ, ನಕ್ಷೆ ನೋಡಿ, ಭೂತಗನ್ನಡಿ ಇಟ್ಟು, ಹಿಂದೆ ಮುಂದೆ ತಿರುಗಿಸಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡ ಸಾಹೇಬರು, "ಅಮ್ಮಾ, ನಿಮಗೆ ತೂತಿಲ್ಲದ ಶಾಲು ಕೊಟ್ಟುಬಿಟ್ಟಿದ್ದಾರೆ ಅನ್ಸುತ್ತೆ. ನಮ್ಮ ಕಡೆ ತಪ್ಪಾಗಿದೆ. ನಿಮ್ಮನ್ನ ಲೆಕ್ಕಕ್ಕೆ ತಗೊಳ್ಳೋಕಾಗಲ್ಲ" ಎಂದರು.

ನನ್ನ ಜೀವ ಬಾಯಿಗೆ ಬಂತು ಅಣ್ಣ. "ಏಳು ತೂತು ಮುಚ್ಚಿದೀನಿ ಸಾರ್" ಎಂದೆ. "ತೋರಿಸಿ" ಎಂದರು. ನೋಡುತ್ತೇನೆ, ನನಗೇ ಕಾಣಿಸುತ್ತಿಲ್ಲ! ಇಪ್ಪತ್ತಾರು ವರ್ಷ ಯಾರಿಗೂ ಕಾಣಬಾರದೆಂದು ಕಲಿತದ್ದು, ಕಾಣಲೇಬೇಕಾದ ದಿನ ನನಗೇ ಕೈ ಕೊಟ್ಟಿತು. ಫೈಲಿನವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಆಗ ಕಣ್ಣು ಮುಚ್ಚಿದೆ. ಶಾಲನ್ನು ಎತ್ತಿ ತುಟಿಗೆ ಮುಟ್ಟಿಸಿ ನಿಧಾನವಾಗಿ ಎಳೆದೆ. ಬೆರಳಿಗೆ ಗೊತ್ತಾಗದ್ದು ತುಟಿಗೆ ಗೊತ್ತಾಗುತ್ತದೆ, ರಫು ಮಾಡಿದ ಜಾಗ ಕೂದಲೆಳೆಯಷ್ಟು ಬಿಗಿಯಾಗಿರುತ್ತದೆ. "ಇಲ್ಲಿ" ಎಂದೆ. ಗುಂಡುಸೂಜಿ ಚುಚ್ಚಿದರು. "ಇಲ್ಲಿ. ಇಲ್ಲಿ." ಕಣ್ಣು ಬಿಡಲೇ ಇಲ್ಲ. ಏಳು ಗುಂಡುಸೂಜಿ ಚುಚ್ಚಿ ನಕ್ಷೆಯ ಪಕ್ಕ ಇಟ್ಟು ನೋಡಿದರು. ಏಳಕ್ಕೆ ಏಳೂ ಸರಿ! ಪರೀಕ್ಷಕರಲ್ಲಿ ಒಬ್ಬರು ವಯಸ್ಸಾದ ಅಮ್ಮ, ಕುರ್ಚಿಯಿಂದ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟು ದಿನ ಎಲ್ಲಿದ್ದೆ ತಾಯಿ?" ಎಂದರು.

ಹಿಂದಿನ ಕೋಣೆಯಲ್ಲಿದ್ದೆ ಎಂದೆ.

ಏಪ್ರಿಲ್ ಒಂದಕ್ಕೆ ಕೆಲಸಕ್ಕೆ ಸೇರಬೇಕು. ಇರಲು ಮ್ಯೂಸಿಯಮ್ಮಿನ ಹಿಂದೆಯೇ ಎರಡು ಕೋಣೆಯ ಮನೆ. ಬಾಡಿಗೆ ಇಲ್ಲ. ಎರಡು ಕೋಣೆ, ಅರ್ಥವಾಯಿತೇ? ಒಂದರಲ್ಲಿ ನಾನು, ಇನ್ನೊಂದರಲ್ಲಿ ಹಾಲು ತಳ ಹಿಡಿಸುವವನು.

ಸಾಯಂಕಾಲ ಕೋಟಿನ ಒಳಪದರ ಬಿಚ್ಚಿದೆ. ರೂಮಿನ ಬಾಡಿಗೆ ಉಳಿಯಿತು, ಬೆಟ್ಟದ ಬಸ್ಸಿನ ಚಾರ್ಜೂ ಉಳಿಯಿತು, ನೀನಿಟ್ಟ ದುಡ್ಡು ಪೂರ್ತಿ ಇತ್ತು. ಅದರಲ್ಲಿ ನಿನಗೆ ಟಿಕೆಟು ತೆಗೆಸಿದ್ದೇನೆ. ಹೊಸ ಪುಸ್ತಕ ನೋಡಿಯೇ ತೆಗೆಸಿದ್ದು. ಇಪ್ಪತ್ತಮೂರಕ್ಕೆ ಮನೆಯಿಂದ ಹೊರಟರೆ ಇಪ್ಪತ್ತಾರಕ್ಕೆ ಬೆಟ್ಟದ ಬಸ್ಸು ಸಿಗುತ್ತದೆ. ಡ್ರೈವರ್ ಹಿಂದಿನ ಸೀಟು. ತಲೆ ಸುತ್ತಿದರೆ ಸುತ್ತಲಿ, ಒಂದು ನಿಂಬೆಹಣ್ಣು ಇಟ್ಟುಕೋ. ಹೋಟೆಲಿನ ಮೇಡಮ್ಮಿಗೆ ಕಾಗದ ಬರೆದಿದ್ದೇನೆ, ಮಂಚ ಸಿಗುತ್ತದೆ.

ಬರದಿದ್ದರೆ ನೋಡು.

ನಿನ್ನ ಪುಟ್ಟಿ

---

೨೬ ಮಾರ್ಚ್, ಬೆಳಿಗ್ಗೆ
ಬೆಟ್ಟದ ಬಸ್ಸು

ಪುಟ್ಟೀ,

ಅಕ್ಷರ ಸೊಟ್ಟಗಿದ್ದರೆ ಬಸ್ಸನ್ನು ಬೈಯಿ. ಮುಂದಿನ ಸ್ಟಾಪಿನಲ್ಲಿ ಬೇರೆ ಯಾವ ಡ್ರೈವರ್ ಕೈಗೂ ಇದನ್ನು ಕೊಡುವಂತಿಲ್ಲ, ನಿನ್ನ ಕಡೆ ಹೋಗುತ್ತಿರುವುದು ಈ ಬಸ್ಸೊಂದೇ. ಆದ್ದರಿಂದ ನಾನೇ ತಂದುಕೊಡುತ್ತೇನೆ. ಆದರೂ ಬರೆಯದೆ ಇರಲಾಗುತ್ತಿಲ್ಲ.

ಮೊದಲ ದಿನ ಸತ್ತೇ ಹೋದೆ ಎಂದುಕೊಂಡೆ. ಊರಿನ ಗಡಿ ದಾಟುವ ಮುಂಚೆ ಎರಡು ನಿಂಬೆಹಣ್ಣು ಖಾಲಿ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಗಡಿಯಾರಣ್ಣಾ, ಇಳಿಸಿಬಿಡ್ಲಾ?" ಎಂದ. ಗೆದ್ದೆ ಕಣೋ ಅಣ್ಣ ಎಂದು ನೀನು ಬರೆದ ಕಾಗದ ಜೇಬಿನಲ್ಲಿತ್ತು. "ಸುಮ್ನೆ ಓಡ್ಸಯ್ಯಾ" ಎಂದೆ. ಎರಡನೇ ದಿನ ಒಂದು ನಿಂಬೆಹಣ್ಣು. ಇವತ್ತು ಬೆಳಿಗ್ಗೆಯಿಂದ ಒಂದೂ ಇಲ್ಲ.

ಹೋಟೆಲಿನಲ್ಲಿ ಮಂಚಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಾನೇನು ಪುಕ್ಕಟೆ ಉಣ್ಣುವವನೇ? ಅವರ ಗೋಡೆಯ ಮೇಲಿದ್ದ ಬಸ್ಸುಗಳ ವೇಳಾಪಟ್ಟಿ ಪೂರ್ತಿ ತಪ್ಪಿತ್ತು. ಹೊಸ ಪುಸ್ತಕ ಮುಂದಿಟ್ಟುಕೊಂಡು ದುಂಡಗಿನ ಅಕ್ಷರದಲ್ಲಿ ಬರೆದು ತೂಗುಹಾಕಿದೆ. ನೆನಪಿನಿಂದ ಒಂದು ಗೆರೆಯೂ ಬರೆಯಲಿಲ್ಲ, ಆಣೆ.

ಇನ್ನೊಂದು ವಿಷಯ. ನಿಲ್ದಾಣಗಳಲ್ಲಿ ಹತ್ತು ನಿಮಿಷ ಎಂದು ನಾನು ಪಟ್ಟಿ ಹಾಕುತ್ತಿದ್ದೆನಲ್ಲ, ಅಷ್ಟರಲ್ಲಿ ಇಳಿದು, ಸಾಲಿನಲ್ಲಿ ನಿಂತು, ಬಿಸಿ ಚಹಾ ಕುಡಿದು ಹತ್ತಲು ಮನುಷ್ಯಮಾತ್ರದವರಿಗೆ ಆಗುವುದಿಲ್ಲ. ಮೂವತ್ತೊಂದು ವರ್ಷ ಜನರ ಬಾಯಿ ಸುಟ್ಟಿದ್ದೇನೆ. ಡಿಪೋದ ಹುಡುಗಿಗೆ ಹದಿನೈದು ಮಾಡಮ್ಮಾ ಎಂದು ಕಾಗದ ಹಾಕಿದೆ. ಬೆಟ್ಟದ ಬಸ್ಸು ದಿನಕ್ಕೊಂದು ಬೇಕೆಂದೂ ಬರೆದೆ, ಛತ್ರಿಯವನಿಂದ ಮೊದಲ್ಗೊಂಡು ಊರಿನ ಇನ್ನೂರು ಜನರ ಸಹಿ ಹಾಕಿಸಿದ್ದೇನೆ. ಈ ಸಲ ಮೂರು ವರ್ಷ ಬಾಗಿಲು ತಟ್ಟಬೇಕಾಗಿಲ್ಲ ಎನಿಸುತ್ತದೆ.

ಈಗಷ್ಟೇ ಮೊದಲ ತಿರುವು ಕಳೆಯಿತು, ಎಡಗಡೆ ಕಣಿವೆ ಪೂರ್ತಿ ಕಾಣುತ್ತಿದೆ. ಕಂಡಕ್ಟರ್ ಬಂದು, "ಎಲ್ಲಿಗೆ ಯಜಮಾನ್ರೇ?" ಎಂದು ಕೇಳಿದ. ಈ ದಾರಿಯ ಒಂದೊಂದು ಸ್ಟಾಪಿನ ಹೆಸರನ್ನೂ ಸಾವಿರ ಸಲ ಬರೆದಿದ್ದೇನೆ. ಆದರೆ ಆ ಹೊತ್ತಿಗೆ ಊರಿನ ಹೆಸರೇ ಬಾಯಿಗೆ ಬರಲಿಲ್ಲ. "ನಮ್ಮ ತಂಗಿಗೆ ಕೆಲಸ ಸಿಕ್ಕಿರೋ ಊರಿಗೆ" ಎಂದೆ. ಅವನು ನನ್ನ ಮುಖ ನೋಡಿ, ಟಿಕೆಟು ಕೇಳದೆ ಮುಂದೆ ಹೋದ.

ಅಣ್ಣ